ಫಿಫ್ಟಿ-ಫಿಫ್ಟಿ ಸರಿ, ಯಾವುದರಲ್ಲಿ ಫಿಫ್ಟಿ? ರ‍್ಯಾಪರ್ ಮತ್ತು ಬೀಟ್ ಮಾಡುವವರು ಹಾಡಿನ ರಾಯಲ್ಟಿ ಹಂಚಿಕೊಳ್ಳುವ ಬಗೆ

ನಾನು ಬೀಟ್ ಮಾಡುವವನು, ಅಂದರೆ ರ‍್ಯಾಪ್ ಹಿಂದೆ ಓಡುವ ಸಂಗೀತ ಕಟ್ಟುವವನು. ಕೆಲವು ವರ್ಷಗಳ ಹಿಂದೆ ಗೆಳೆಯನ ರೂಮಿನಲ್ಲಿ, ರಾತ್ರಿ ಎರಡು ಗಂಟೆಗೆ, ಕಿಟಕಿಗೆ ಕಂಬಳಿ ಹೊದಿಸಿ ಒಂದು ಹಾಡು ರೆಕಾರ್ಡ್ ಮಾಡಿದೆವು. ಬೀಟ್ ನನ್ನದು, ಸಾಲುಗಳು ಅವನವು. ಹೊರಡುವಾಗ ಅವನು "ಮಗಾ, ಫಿಫ್ಟಿ-ಫಿಫ್ಟಿ" ಅಂದ. ನಾನು ಶೂ ಹಾಕಿಕೊಳ್ಳುತ್ತಾ "ಆಯ್ತು ಬಿಡೋ" ಅಂದೆ. ಅಷ್ಟೇ ನಮ್ಮ ಅಗ್ರಿಮೆಂಟ್.

ಹಾಡು ಸ್ವಲ್ಪ ಓಡಿತು. ದುಡ್ಡೂ ಬಂತು, ಜಾಸ್ತಿ ಏನಲ್ಲ. ಅವನು ಸ್ಟ್ರೀಮಿಂಗ್‌ನಿಂದ ಬಂದ ಹಣದಲ್ಲಿ ವಿಡಿಯೊ ಖರ್ಚು ಕಳೆದು, ಉಳಿದದ್ದರಲ್ಲಿ ಅರ್ಧ ಕಳಿಸಿದ. ನಾನು ಖರ್ಚು ಕಳೆಯುವ ಮೊದಲಿನ ಅರ್ಧ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಹಾಡಿನ ನೋಂದಣಿಯಲ್ಲಿ ಸಾಹಿತ್ಯವೂ ಅವನದೇ, ಸಂಗೀತವೂ ಅವನದೇ. ಕೇಳಿದರೆ "ನಿನ್ನ ಅರ್ಧ ಕಳಿಸಿದ್ದೀನಲ್ಲ, ಇನ್ನೇನು?" ಅಂದ. ಅವನು ಮೋಸ ಮಾಡಿರಲಿಲ್ಲ, ಇವತ್ತಿಗೂ ಹಾಗೆ ಹೇಳುತ್ತೇನೆ. ಅವನ ತಲೆಯಲ್ಲಿದ್ದ ಅರ್ಧ ಬೇರೆ, ನನ್ನ ತಲೆಯಲ್ಲಿದ್ದ ಅರ್ಧ ಬೇರೆ. ಎಂಟು ತಿಂಗಳು ಮಾತಿರಲಿಲ್ಲ.

ಅದರಿಂದ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಭಾರತದಲ್ಲಿ ಕೂತು ಹಾಡು ಮಾಡುವವರಿಗೆ ಇದು. ಅಮೆರಿಕದ ಯೂಟ್ಯೂಬ್ ವಿಡಿಯೊಗಳಲ್ಲಿ ಹೇಳುವುದೆಲ್ಲ ನಮ್ಮ ಕಾನೂನಿಗೆ ಹೊಂದುವುದಿಲ್ಲ.

ಹಂತ 1: ಎರಡು ಡಬ್ಬಿ ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ "ಹಾಡು", ಬಲಕ್ಕೆ "ರೆಕಾರ್ಡಿಂಗ್".

ಹಾಡು ಅಂದರೆ ಪದಗಳು ಮತ್ತು ಸಂಗೀತ. ರೆಕಾರ್ಡಿಂಗ್ ಅಂದರೆ ಆ ಹಾಡನ್ನು ಒಂದು ದಿನ ಒಬ್ಬರು ಮೈಕ್ ಮುಂದೆ ಹಾಡಿದಾಗ ಸಿಕ್ಕ ಫೈಲ್, ಅದನ್ನೇ ಮಾಸ್ಟರ್ ಅನ್ನುವುದು. ನಾಳೆ ಬೇರೆ ಹತ್ತು ಜನ ನಿಮ್ಮ ಹಾಡನ್ನು ಹಾಡಿ ರೆಕಾರ್ಡ್ ಮಾಡಿದರೆ ರೆಕಾರ್ಡಿಂಗ್ ಹತ್ತಾಯಿತು, ಹಾಡು ಒಂದೇ.

ಈ ಎರಡು ಡಬ್ಬಿಗೆ ಹಣ ಬರುವ ದಾರಿಯೂ ಬೇರೆ ಬೇರೆ. ನೀವು ಡಿಸ್ಟ್ರಿಬ್ಯೂಟರ್ (ಹಾಡನ್ನು ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ತಲುಪಿಸುವ ಕಂಪನಿ) ಮೂಲಕ ಹಾಡು ಬಿಟ್ಟು, ಮೂರು ತಿಂಗಳಾದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ನೋಡಿ ಕುಣಿದಾಡುವ ಹಣ ಮಾಸ್ಟರ್ ಹಣ. ಬರೆದವರ ಹಣ ಅದರಲ್ಲಿ ಇರುವುದಿಲ್ಲ. ಅದು ನಮ್ಮಲ್ಲಿ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಅಂದರೆ ಐಪಿಆರ್‌ಎಸ್ ಮೂಲಕ ಬರಬೇಕು. ಹಾಡು ಬರೆಯುವವರು, ಸಂಗೀತ ಮಾಡುವವರು ಮತ್ತು ಹಾಡಿನ ಹಕ್ಕು ನೋಡಿಕೊಳ್ಳುವ ಪಬ್ಲಿಷರ್‌ಗಳು ಇದರ ಸದಸ್ಯರು. ರೇಡಿಯೊ, ಟಿವಿ, ಹೋಟೆಲ್, ಕಾರ್ಯಕ್ರಮ, ಸ್ಟ್ರೀಮಿಂಗ್ ಎಲ್ಲ ಕಡೆಯಿಂದ ಲೈಸೆನ್ಸ್ ಹಣ ತೆಗೆದು ಹಂಚುವುದು ಇದರ ಕೆಲಸ.

ಡಿಸ್ಟ್ರಿಬ್ಯೂಟರ್ ಆ್ಯಪಿನಲ್ಲಿ "ಸ್ಪ್ಲಿಟ್" ಅಂತ ಒಂದು ಗುಂಡಿ ಇರುತ್ತದೆ ಅಲ್ವಾ? ಅದು ಮಾಸ್ಟರ್ ಹಣವನ್ನು ಮಾತ್ರ ಹಂಚುತ್ತದೆ. ಅದನ್ನು ಒತ್ತಿಬಿಟ್ಟು ರಾಯಲ್ಟಿ ಕೆಲಸ ಮುಗಿಯಿತು ಅಂದುಕೊಂಡವರು ಬೇಕಾದಷ್ಟು ಜನ. ನಾವಿಬ್ಬರೂ ಅದೇ ಸಾಲಿನವರು.

ಹಂತ 2: "ಪ್ರೊಡ್ಯೂಸರ್" ಅನ್ನುವ ಪದವನ್ನು ನಂಬಬೇಡಿ

ಹಿಪ್ ಹಾಪ್‌ನಲ್ಲಿ ಪ್ರೊಡ್ಯೂಸರ್ ಅಂದರೆ ಬೀಟ್ ಮಾಡುವವನು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರೊಡ್ಯೂಸರ್ ಅಂದರೆ ರೆಕಾರ್ಡಿಂಗ್ ಮಾಡಿಸಲು ಮುಂದಾಗಿ, ಅದರ ಹೊಣೆ ಹೊತ್ತವರು. ಸಿನಿಮಾ ನಿರ್ಮಾಪಕರ ಹಾಗೆ ಅಂದುಕೊಳ್ಳಿ. ಸ್ಟುಡಿಯೊಗೆ ದುಡ್ಡು ಕೊಟ್ಟು ಎಲ್ಲರನ್ನೂ ಕರೆಸಿದ ರ‍್ಯಾಪರ್ ಕಾನೂನಿನ ಕಣ್ಣಿಗೆ ಪ್ರೊಡ್ಯೂಸರ್ ಆಗಬಹುದು, ಬೀಟ್ ಮಾಡಿದವನು ಆಗದೇ ಇರಬಹುದು. ಹಾಗಾಗಿ ಕಾಗದದ ಮೇಲೆ ನಿಮ್ಮ ಹೆಸರಿನ ಮುಂದೆ ಬರೀ "ಪ್ರೊಡ್ಯೂಸರ್" ಅಂತ ಬರೆಸಿಕೊಂಡು ಖುಷಿಪಡಬೇಡಿ. "ಸಂಗೀತ ಸಂಯೋಜಕ" ಅಂತ ಬರೆಸಿ.

"ನಾನು ಲ್ಯಾಪ್‌ಟಾಪಿನಲ್ಲಿ ಡ್ರಮ್ ಜೋಡಿಸಿದ್ದು, ನನಗೆ ನೋಟೇಶನ್ ಬರಲ್ಲ, ನಾನು ಹೇಗೆ ಸಂಯೋಜಕ?" ಅಂತ ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಕಾಯ್ದೆಯೇ ಇದಕ್ಕೆ ಉತ್ತರ ಕೊಟ್ಟಿದೆ: ಸಂಗೀತ ಕಟ್ಟಿದವರೇ ಸಂಯೋಜಕರು, ಅದನ್ನು ಸ್ವರಲಿಪಿಯಲ್ಲಿ ಬರೆದಿಟ್ಟರೂ ಅಷ್ಟೇ, ಇಡದಿದ್ದರೂ ಅಷ್ಟೇ. ಪದಗಳ ವಿಷಯವೂ ಸ್ಪಷ್ಟವಾಗಿದೆ. ಸಂಗೀತದ ಜೊತೆ ಹಾಡುವ ಅಥವಾ ಮಾತಾಡುವ ಪದಗಳು "ಸಂಗೀತ ಕೃತಿ"ಯಲ್ಲಿ ಸೇರುವುದಿಲ್ಲ, ಅವು ಸಾಹಿತ್ಯ ಕೃತಿ. ಆ "ಮಾತಾಡುವ" ಅನ್ನುವ ಪದ ಇದೆಯಲ್ಲ, ಕಾಯ್ದೆ ಬರೆದವರಿಗೆ ರ‍್ಯಾಪ್ ಗೊತ್ತಿತ್ತೋ ಇಲ್ಲವೋ, ರ‍್ಯಾಪರ್‌ಗೆ ಸರಿಯಾಗಿ ಹೊಂದುತ್ತದೆ.

ಅಂದರೆ ಎಡಗಡೆಯ ಡಬ್ಬಿಯೊಳಗೆ ಮತ್ತೆ ಎರಡು ಖಾನೆ: ಸಾಹಿತ್ಯ, ಸಂಗೀತ. ಇದು ತಲೆಗೆ ಹತ್ತಿದರೆ ಮುಂದಿನದು ಸುಲಭ.

ಹಂತ 3: ಬೀಟ್ ಎಲ್ಲಿಂದ ಬಂತು ಅಂತ ಕೇಳಿ

ಪರ್ಸೆಂಟ್ ಮಾತಾಡುವ ಮೊದಲೇ ಇದನ್ನು ಕೇಳಬೇಕು. ಬೀಟ್ ಕೂತು ಮಾಡಿದ್ದಾ, ಕೊಂಡದ್ದಾ, ಅದರೊಳಗೆ ಬೇರೆಯವರ ತುಣುಕು ಇದೆಯಾ?

ಆನ್‌ಲೈನ್‌ನಲ್ಲಿ ಲೀಸ್‌ಗೆ ಸಿಗುವ ಬೀಟ್ ಬಾಡಿಗೆ ಮನೆ ಇದ್ದ ಹಾಗೆ. ಅದೇ ಬೀಟ್ ಇನ್ನೂ ಐವತ್ತು ಜನರ ಕೈಯಲ್ಲಿರುತ್ತದೆ, ಎಷ್ಟು ಸ್ಟ್ರೀಮ್‌ವರೆಗೆ ಅಂತ ಮಿತಿ ಇರುತ್ತದೆ, ಮತ್ತು ಹಾಡು ಬರೆದ ಪಾಲಿನಲ್ಲಿ ಅರ್ಧ ಬೀಟ್ ಮಾಡಿದವರದು ಅಂತ ಲೀಸ್‌ನಲ್ಲೇ ಬರೆದಿರುವುದು ರೂಢಿ. ಯಾರೂ ಓದುವುದಿಲ್ಲ. ಎಕ್ಸ್‌ಕ್ಲೂಸಿವ್ ಕೊಂಡರೆ ಇನ್ನುಮುಂದೆ ಬೇರೆಯವರಿಗೆ ಮಾರುವುದಿಲ್ಲ ಅಂತ ಅರ್ಥ, ಸಂಯೋಜಕನ ಹೆಸರೂ ಪಾಲೂ ಮಾಯವಾಯಿತು ಅಂತ ಅಲ್ಲ. ಯೂಟ್ಯೂಬ್‌ನಲ್ಲಿ "ಫ್ರೀ" ಅಂತ ಹಾಕಿರುವ ಬೀಟುಗಳು ಬಹುಪಾಲು ಸುಮ್ನೆ ಬರೆದು ಅಭ್ಯಾಸ ಮಾಡಲು ಮಾತ್ರ ಫ್ರೀ, ಬಿಡುಗಡೆ ಮಾಡಿ ದುಡ್ಡು ಮಾಡಲು ಅಲ್ಲ.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಇದೆ. 2018ರ ಕೊನೆಯಲ್ಲಿ ಅಮೆರಿಕದ ರ‍್ಯಾಪರ್ ಲಿಲ್ ನ್ಯಾಸ್ ಎಕ್ಸ್, ಯಂಗ್‌ಕಿಯೋ ಎಂಬ ನೆದರ್ಲೆಂಡ್ಸ್‌ನ ಹುಡುಗ ಮಾಡಿದ ಬೀಟನ್ನು ಬೀಟ್ ಮಾರುವ ವೆಬ್‌ಸೈಟ್ ಬೀಟ್‌ಸ್ಟಾರ್ಸ್‌ನಲ್ಲಿ 30 ಡಾಲರ್ ಕೊಟ್ಟು ತೆಗೆದುಕೊಂಡ. ಆ ಬೀಟ್‌ನೊಳಗೆ ನೈನ್ ಇಂಚ್ ನೇಲ್ಸ್ ತಂಡದ 2008ರ ಆಲ್ಬಮ್ಮಿನ ಒಂದು ತುಣುಕು ಇತ್ತು. ಅದರಿಂದ ಆದ "ಓಲ್ಡ್ ಟೌನ್ ರೋಡ್" 2019ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 19 ವಾರ ಮೊದಲ ಸ್ಥಾನದಲ್ಲಿ ಕೂತಿತು. ಹಾಡು ಬರೆದವರ ಪಟ್ಟಿಯಲ್ಲಿ ಯಾರಿದ್ದಾರೆ ನೋಡಿ: ರ‍್ಯಾಪರ್ ಇದ್ದಾನೆ, ಬೀಟ್ ಮಾಡಿದ ಹುಡುಗ ಇದ್ದಾನೆ, ಆ ತುಣುಕು ನುಡಿಸಿದ್ದ ಟ್ರೆಂಟ್ ರೆಜ್ನರ್ ಮತ್ತು ಆ್ಯಟಿಕಸ್ ರಾಸ್ ಕೂಡ ಇದ್ದಾರೆ. 30 ಡಾಲರ್ ಕೊಟ್ಟದ್ದು ಬೀಟ್ ಬಳಸುವುದಕ್ಕೆ. ಬರೆದವರ ಪಾಲು ಅದರಲ್ಲಿ ಮಾರಾಟವಾಗಿರಲಿಲ್ಲ.

ಹಳೆ ಸಿನಿಮಾ ಹಾಡಿನ ತುಣುಕು ಹಾಕಿದ್ದರೆ ಎರಡು ಒಪ್ಪಿಗೆ ಬೇಕು, ರೆಕಾರ್ಡಿಂಗ್ ಮಾಲೀಕರದ್ದು ಒಂದು, ಹಾಡಿನ ಹಕ್ಕು ಇರುವವರದ್ದು ಇನ್ನೊಂದು. "ಏಳು ಸೆಕೆಂಡ್ ಒಳಗಿದ್ದರೆ ಪರವಾಗಿಲ್ಲ ಗುರೂ" ಅನ್ನುವುದು ಕಟ್ಟುಕಥೆ. ಅಂಥ ನಿಯಮ ಇಲ್ಲ.

ಕನ್ನಡದವರಿಗೆ ಇನ್ನೊಂದು ಮಾತು, ಯಾಕಂದರೆ ನಮ್ಮವರಿಗೆ ಕವಿತೆ, ತತ್ವಪದ, ಜನಪದ ಎತ್ತಿ ಹುಕ್‌ಗೆ, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಸಾಲಿಗೆ, ಹಾಕುವ ಆಸೆ ಜಾಸ್ತಿ, ನನಗೂ ಇದೆ. ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡರು, ಅವರ ಪದಗಳು ಎಲ್ಲರವು. ವಚನಗಳೂ ದಾಸರ ಪದಗಳೂ ಹಾಗೆಯೇ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಹಾಗಾಗಿ 2041ರ ಕೊನೆವರೆಗೆ ಹಕ್ಕು ಇದೆ. ಕುವೆಂಪು 1994, ಅಂದರೆ 2054ರ ಕೊನೆವರೆಗೆ. ಒಪ್ಪಿಗೆ ಇಲ್ಲದೆ ಅವರ ನಾಲ್ಕು ಸಾಲು ತೆಗೆದು ಹುಕ್ ಮಾಡುವಂತಿಲ್ಲ. ಶರೀಫರ ವಿಷಯದಲ್ಲೂ ಒಂದು ತೊಡಕು ಇದೆ: ಪದ ಫ್ರೀ, ಆದರೆ ನಮ್ಮೆಲ್ಲರ ಕಿವಿಯಲ್ಲಿ ಕೂತಿರುವ ರಾಗ ಎಷ್ಟೋ ಸಲ ಸಿ. ಅಶ್ವತ್ಥ್ ಅವರು ಹಾಕಿದ್ದು. ಅವರು ತೀರಿಕೊಂಡದ್ದು 2009ರಲ್ಲಿ. ಪದ ತೆಗೆದುಕೊಳ್ಳಿ, ರಾಗ ನೀವೇ ಹಾಕಿ.

ಹಂತ 4: ಯಾರು ಬರೆದವರು, ಯಾರು ಜೊತೆಗಿದ್ದವರು

ಮಿಕ್ಸಿಂಗ್ ಮಾಡಿದವರಿಗೆ ಫೀಸ್ ಕೊಡಿ, ಪಾಲು ಬೇಡ. ರೂಮ್ ಕೊಟ್ಟ ಗೆಳೆಯನಿಗೆ ಬಿರಿಯಾನಿ ಕೊಡಿಸಿ. "ಹುಕ್ ಮೊದಲು ಬರಲಿ" ಅಂತ ಸಲಹೆ ಕೊಟ್ಟವನಿಗೆ ಥ್ಯಾಂಕ್ಸ್ ಹೇಳಿ. ಡೊಳ್ಳು ಬಾರಿಸಲು ಬಂದ ಕಲಾವಿದರಿಗೆ ಆ ದಿನದ ಸಂಭಾವನೆ ಕೊಡಿ, ಸರಿಯಾಗಿ ಕೊಡಿ. ಆದರೆ ಹಾಡಿನ ಮುಖ್ಯ ಟ್ಯೂನನ್ನೇ ಅವರು ಕಟ್ಟಿದ್ದರೆ ಸಂಗೀತದ ಖಾನೆಯಲ್ಲಿ ಅವರ ಹೆಸರು ಬರಬೇಕು.

ಒಬ್ಬರು ತೆಗೆದುಕೊಂಡ ಸಮಯವನ್ನೋ ಪಟ್ಟ ಕಷ್ಟವನ್ನೋ ಅಳೆಯಬೇಡಿ. ಪದ ಹುಟ್ಟಿಸಿದರಾ ಅಥವಾ ಸಂಗೀತ ಹುಟ್ಟಿಸಿದರಾ ಅಂತ ಕೇಳಿ.

ಜಾಸ್ತಿ ತಪ್ಪಿಹೋಗುವುದು ಒಂದು ಕಡೆ. ರ‍್ಯಾಪರ್ ಬರೀ ಮಾತಿನ ಲಯದಲ್ಲಿ ಹೇಳಿದರೆ ಅವನದು ಸಾಹಿತ್ಯದ ಖಾನೆ ಮಾತ್ರ. ಹುಕ್‌ನಲ್ಲಿ ಅವನೇ ರಾಗ ಹಾಕಿ ಹಾಡಿದ್ದರೆ ಸಂಗೀತದ ಖಾನೆಯಲ್ಲೂ ಸ್ವಲ್ಪ ಅವನದಾಗುತ್ತದೆ. ಬೀಟ್ ಮಾಡುವ ನಮಗೆ ಇದು ಇಷ್ಟವಾಗುವುದಿಲ್ಲ. ಆದರೂ ನ್ಯಾಯ ಅದೇ.

ಹಂತ 5: ಈಗ ಲೆಕ್ಕ

ಅಮೆರಿಕದ ಹಿಪ್ ಹಾಪ್‌ನಲ್ಲಿ ರೂಢಿ ಏನಂದರೆ ಹಾಡಿನ ಡಬ್ಬಿಯಲ್ಲಿ ಅರ್ಧ ಪದಗಳಿಗೆ, ಅರ್ಧ ಬೀಟಿಗೆ. ಇದು ಕಾನೂನಲ್ಲ, ಎಲ್ಲರೂ ಒಪ್ಪಿದರೆ ಬೇರೆ ಮಾಡಬಹುದು. ಶುರು ಮಾಡಲು ನನಗೆ ಇದೇ ಸರಿ ಅನ್ನಿಸುತ್ತದೆ.

ಒಂದು ಹಾಡು ಹಿಡಿಯೋಣ, ಹೆಸರುಗಳು ಸುಮ್ನೆ ಇಟ್ಟದ್ದು. ಮಂಜ ಎರಡು ವರ್ಸ್ (ಚರಣ) ಬರೆದ. ಸೀನ ಒಂದು ಚಿಕ್ಕ ವರ್ಸ್ ಬರೆದ. ದೀಪಾ ಹುಕ್ ಬರೆದು, ಅದಕ್ಕೆ ರಾಗವನ್ನೂ ಹಾಕಿ ಹಾಡಿದಳು. ಕಿರಣ ಬೀಟ್ ಮಾಡಿದ. ಸಾಹಿತ್ಯದ 50ರಲ್ಲಿ ಮಂಜ 25, ದೀಪಾ 15, ಸೀನ 10. ಸಂಗೀತದ 50ರಲ್ಲಿ ಕಿರಣ 40, ದೀಪಾ 10. ಒಟ್ಟು ಕೂಡಿಸಿದರೆ ಕಿರಣ 40, ಮಂಜ 25, ದೀಪಾ 25, ಸೀನ 10. ಐಪಿಆರ್‌ಎಸ್ ಕಡೆಯಿಂದ ಬರೆದವರ ಪಾಲಿಗೆ 8,000 ರೂಪಾಯಿ ಬಂದರೆ ಕಿರಣನಿಗೆ 3,200, ಮಂಜ ಮತ್ತು ದೀಪಾಗೆ ತಲಾ 2,000, ಸೀನನಿಗೆ 800.

ಐದಾರು ಜನ ಸೇರಿ ಸೈಫರ್, ಅಂದರೆ ಒಂದೇ ಬೀಟಿನ ಮೇಲೆ ಒಬ್ಬರಾದ ಮೇಲೆ ಒಬ್ಬರು ರ‍್ಯಾಪ್, ಮಾಡಿದರೆ ಸಾಹಿತ್ಯದ ಪಾಲನ್ನು ಬಾರ್ (ತಾಳದ ಒಂದೊಂದು ಸುತ್ತು) ಎಣಿಸಿ ಹಂಚುವವರೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಬಾರಿಗೆ ದುಡ್ಡು ಅಂದ ಕೂಡಲೇ ಪ್ರತಿಯೊಬ್ಬನೂ ಎಂಟು ಬಾರ್ ಎಳೆಯುತ್ತಾನೆ, ಹಾಡು ಹಾಳಾಗುತ್ತದೆ. ತಲೆಗೆ ಸಮವಾಗಿ ಹಂಚಿ.

ಇನ್ನು ಬಲಗಡೆಯ ಡಬ್ಬಿ, ಮಾಸ್ಟರ್. ಇಲ್ಲಿ ಖರ್ಚು ಹಾಕಿದವರು ಮಾಲೀಕರು. ಬೀಟ್ ಮಾಡಿದವರಿಗೆ ಇದರಲ್ಲೂ ಪಾಲು ಕೊಡುವುದು ಮಾತಿಗೆ ಬಿಟ್ಟ ವಿಷಯ. ದೊಡ್ಡ ಲೇಬಲ್‌ಗಳ (ಹಾಡು ಹೊರತರುವ ಕಂಪನಿಗಳ) ಒಪ್ಪಂದದಲ್ಲಿ ಅದು ಮೂರು-ನಾಲ್ಕು ಪರ್ಸೆಂಟ್ ಆಸುಪಾಸು ಇರುತ್ತದೆ. ನಮ್ಮಂಥವರು, ಅಂದರೆ ರೂಮಿನಲ್ಲಿ ಕೂತು ತಾವೇ ಬಿಡುಗಡೆ ಮಾಡುವವರು, 20ರಿಂದ 50ರವರೆಗೂ ಮಾತಾಡಿಕೊಳ್ಳುತ್ತಾರೆ. ಮಂಜ ಮತ್ತು ಸೀನ ಖರ್ಚು ಹಾಕಿದ್ದಾರೆ, ಕಿರಣನಿಗೆ 20, ದೀಪಾಗೆ 10 ಅಂತ ಆಗಿದೆ ಅಂದುಕೊಳ್ಳಿ. ಡಿಸ್ಟ್ರಿಬ್ಯೂಟರ್‌ನಿಂದ 20,000 ಬಂತು, ವಿಡಿಯೊ ಖರ್ಚು 6,000. ಖರ್ಚು ಕಳೆದ ಮೇಲೆ ಹಂಚಿದರೆ ಕಿರಣನಿಗೆ 2,800. ಮೊದಲೇ ಹಂಚಿದರೆ 4,000. ಆ 1,200 ರೂಪಾಯಿಗೇ ಜನ ಬ್ಲಾಕ್ ಮಾಡುವುದು. ಯಾವ ಖರ್ಚು ಕಳೆಯಬೇಕು, ಎಷ್ಟರವರೆಗೆ, ಬಿಲ್ ಯಾರು ತೋರಿಸಬೇಕು, ಮೊದಲೇ ಬರೆದುಕೊಳ್ಳಿ. ಹುಟ್ಟುಹಬ್ಬಕ್ಕೆ ಕೊಂಡ ಜಾಕೆಟ್ "ಕಾಸ್ಟ್ಯೂಮ್" ಅಂತ ಬಂದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

"ಬೀಟಿಗೆ 5,000 ಕೊಟ್ಟಿದ್ದೀನಲ್ಲ, ಮತ್ತೆ ರಾಯಲ್ಟಿ ಯಾಕೆ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಆ 5,000 ಕೆಲಸದ ಕೂಲಿಯಾ, ಅಥವಾ ಮುಂದೆ ಬರುವ ಮಾಸ್ಟರ್ ಪಾಲಿನಲ್ಲಿ ಮುರಿದುಕೊಳ್ಳುವ ಅಡ್ವಾನ್ಸಾ? ಎರಡೂ ನಡೆಯುತ್ತದೆ, ಒಂದನ್ನು ಬರೆಯಿರಿ. ಸ್ಟೇಜ್ ಶೋ ಫೀಸ್ ಬೇರೆ, ಅದು ಸ್ಟೇಜ್ ಹತ್ತಿ ಹಾಡುವವರದು. ಬೀಟ್ ಮಾಡಿದವರು ಅದರಲ್ಲಿ ಪಾಲು ಕೇಳುವುದು ನನಗೆ ಸರಿ ಕಾಣುವುದಿಲ್ಲ, ನಾನೇ ಬೀಟ್ ಮಾಡುವವನಾದರೂ.

ಹಂತ 6: ಸ್ಪ್ಲಿಟ್ ಶೀಟ್

ಯಾರಿಗೆ ಎಷ್ಟು ಪಾಲು ಅಂತ ಬರೆದಿಡುವ ಕಾಗದವೇ ಸ್ಪ್ಲಿಟ್ ಶೀಟ್. ಒಂದೇ ಪುಟ ಸಾಕು. ಹಾಡಿನ ಹೆಸರು, ದಿನಾಂಕ. ಪ್ರತಿಯೊಬ್ಬರ ದಾಖಲೆಯಲ್ಲಿರುವ ಹೆಸರು ಮತ್ತು ಸ್ಟೇಜ್ ಹೆಸರು. ಯಾರು ಸಾಹಿತ್ಯ, ಯಾರು ಸಂಗೀತ, ಎಷ್ಟೆಷ್ಟು ಪರ್ಸೆಂಟ್. ಮಾಸ್ಟರ್ ಪಾಲು ಬೇರೆ ಸಾಲಿನಲ್ಲಿ. ಸ್ಯಾಂಪಲ್ (ಬೇರೆ ಹಾಡಿನ ತುಣುಕು) ಅಥವಾ ಲೂಪ್ (ಮತ್ತೆ ಮತ್ತೆ ಓಡುವ ತುಣುಕು) ಇದ್ದರೆ ಅದು ಎಲ್ಲಿಂದ ಬಂತು. ಡಿಸ್ಟ್ರಿಬ್ಯೂಟರ್ ಅಕೌಂಟ್ ಯಾರ ಕೈಯಲ್ಲಿ, ಎಷ್ಟು ತಿಂಗಳಿಗೊಮ್ಮೆ ಲೆಕ್ಕ ತೋರಿಸಬೇಕು. ಸಿನಿಮಾದವರೋ ಜಾಹೀರಾತಿನವರೋ ಹಾಡು ಕೇಳಿದರೆ ಯಾರು ಹೂಂ ಅನ್ನಬೇಕು. ಎಲ್ಲರ ಸಹಿ. ಕನ್ನಡದಲ್ಲೇ ಬರೆಯಬಹುದು.

ಹಾಡು ಮುಗಿದ ದಿನವೇ, ರೂಮಿನಿಂದ ಹೊರಡುವ ಮೊದಲೇ ಬರೆಯಿರಿ. ಹಾಡು ಓಡಿದ ಮೇಲೆ ಎಲ್ಲರ ನೆನಪೂ ಅವರವರ ಕಡೆಗೆ ವಾಲುತ್ತದೆ. ಪ್ರಿಂಟರ್ ಇಲ್ಲ ಅಂದರೆ ಅವತ್ತಿಗೆ ವಾಟ್ಸಾಪ್ ಗ್ರೂಪಿನಲ್ಲಾದರೂ ಬರೆದು ಎಲ್ಲರಿಂದ "ಒಪ್ಪಿದೆ" ಅಂತ ಹಾಕಿಸಿ. ಸಹಿ ಮಾತ್ರ ಬಿಡಬೇಡಿ, ಯಾಕಂದರೆ ನಮ್ಮ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕನ್ನು ಇನ್ನೊಬ್ಬರಿಗೆ ಬರೆದುಕೊಡುವುದಿದ್ದರೆ ಅದು ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಬರೀ ಬಾಯಿಮಾತಿನಲ್ಲಿ ಬೀಟ್ ಕೊಟ್ಟಿದ್ದರೆ ಅದರ ಸಂಗೀತದ ಹಕ್ಕು ಇನ್ನೂ ಮಾಡಿದವನ ಹತ್ತಿರವೇ ಉಳಿದಿರುತ್ತದೆ, ರ‍್ಯಾಪರ್‌ಗೂ ಅದು ತಲೆನೋವೇ.

ಹಂತ 7: ನೋಂದಣಿ

ರ‍್ಯಾಪರ್ ಸಾಹಿತ್ಯ ಬರೆಯುವವರಾಗಿ, ಬೀಟ್ ಮಾಡುವವರು ಸಂಯೋಜಕರಾಗಿ ಐಪಿಆರ್‌ಎಸ್ ಸದಸ್ಯರಾಗಬೇಕು. ಒಬ್ಬರು ಆಗಿ ಇನ್ನೊಬ್ಬರು ಆಗದಿದ್ದರೆ ಆಗದವರ ಹಣ ಅವರ ಮನೆಗೆ ಬರುವುದಿಲ್ಲ. ಸದಸ್ಯರಾದ ಮೇಲೆ ಪ್ರತಿ ಹಾಡನ್ನೂ ನೋಂದಾಯಿಸಬೇಕು. ಇಲ್ಲಿ ಒಂದೇ ಎಚ್ಚರ: ಇಬ್ಬರೂ ಒಂದೇ ಲೆಕ್ಕ ಕೊಡಿ. ನೀವು ನಿಮಗೆ 60 ಅಂದು, ಅವನು ಅವನಿಗೆ 50 ಅಂದರೆ ಒಟ್ಟು 110 ಆಗುತ್ತದೆ, ತಗಾದೆ ಬಗೆಹರಿಯುವವರೆಗೆ ಹಣ ನಿಂತುಬಿಡುತ್ತದೆ.

ಡಿಸ್ಟ್ರಿಬ್ಯೂಟರ್ ಫಾರ್ಮಿನಲ್ಲಿ ಕಂಪೋಸರ್, ಲಿರಿಸಿಸ್ಟ್ ಅಂತ ಕೇಳುವ ಕಡೆ ಸ್ಟೇಜ್ ಹೆಸರು ಹಾಕಬೇಡಿ, ನೋಂದಣಿಯಲ್ಲಿರುವ ಹೆಸರೇ ಹಾಕಿ. ರೆಕಾರ್ಡಿಂಗಿಗೆ ಸಿಗುವ ನಂಬರ್ ಐಎಸ್‌ಆರ್‌ಸಿ, ಹಾಡಿಗೆ ಸಿಗುವುದು ಐಎಸ್‌ಡಬ್ಲ್ಯೂಸಿ. ಎರಡನ್ನೂ ಸ್ಪ್ಲಿಟ್ ಶೀಟಿನ ಕೆಳಗೆ ಬರೆದಿಟ್ಟುಕೊಳ್ಳಿ.

ಲೀಸ್ ಬೀಟಿನ ಹಾಡಿಗೆ ಯೂಟ್ಯೂಬ್ ಕಂಟೆಂಟ್ ಐಡಿ (ನಿಮ್ಮ ಹಾಡು ಬೇರೆ ವಿಡಿಯೊಗಳಲ್ಲಿದ್ದರೆ ತಾನೇ ಹುಡುಕುವ ವ್ಯವಸ್ಥೆ) ಆನ್ ಮಾಡಬೇಡಿ. ಅದೇ ಬೀಟ್ ತೆಗೆದುಕೊಂಡ ಬೇರೆಯವರ ವಿಡಿಯೊಗಳ ಮೇಲೆಲ್ಲ ನಿಮ್ಮ ಹೆಸರಿನಲ್ಲಿ ಕ್ಲೇಮ್ ಬೀಳುತ್ತದೆ, ಕೊನೆಗೆ ಬೀಟ್ ಮಾಡಿದವನ ಚಾನೆಲ್ ಮೇಲೂ ಬೀಳಬಹುದು.

ಹಂತ 8: ಲೇಬಲ್‌ನವರು ಕಾಗದ ಹಿಡಿದು ಬಂದರೆ

2012ರಲ್ಲಿ ನಮ್ಮ ಕಾಯ್ದೆ ತಿದ್ದುಪಡಿಯಾಯಿತು. ಅದಕ್ಕಾಗಿ ರಾಜ್ಯಸಭೆಯಲ್ಲಿ ಗಟ್ಟಿಯಾಗಿ ಮಾತಾಡಿದ ಜಾವೇದ್ ಅಖ್ತರ್ ಮುಂದೆ ಐಪಿಆರ್‌ಎಸ್ ಅಧ್ಯಕ್ಷರೂ ಆದರು. ಆ ತಿದ್ದುಪಡಿಯಿಂದ 18ನೇ ಸೆಕ್ಷನ್‌ಗೆ ಬಂದ ಮಾತು ನಿಮಗೆ ಬಾಯಿಪಾಠ ಇರಲಿ: ಸಿನಿಮಾದ್ದಲ್ಲದ ರೆಕಾರ್ಡಿಂಗ್‌ನಲ್ಲಿರುವ ಸಾಹಿತ್ಯ ಅಥವಾ ಸಂಗೀತದ ಹಕ್ಕನ್ನು ಬರೆದುಕೊಟ್ಟರೂ, ಅದರ ಬಳಕೆಯಿಂದ ಬರುವ ರಾಯಲ್ಟಿಯನ್ನು ಹಕ್ಕು ಪಡೆದವರ ಜೊತೆ ಸಮವಾಗಿ ಹಂಚಿಕೊಳ್ಳುವ ಅಧಿಕಾರವನ್ನು ಬರೆದವರು ಬಿಟ್ಟುಕೊಡುವಂತಿಲ್ಲ. ವಾರಸುದಾರರಿಗೆ ಅಥವಾ ವಸೂಲಿ ಮಾಡಿ ಹಂಚುವ ಸೊಸೈಟಿಗೆ ಮಾತ್ರ ಕೊಡಬಹುದು. ಇದಕ್ಕೆ ವಿರುದ್ಧವಾಗಿ ಬರೆಸಿಕೊಂಡರೆ ಆ ಮಾತು ನಿಲ್ಲುವುದಿಲ್ಲ. "ಒಂದೇ ಸಲ ದುಡ್ಡು ತಗೊಂಡು ಎಲ್ಲ ಬರೆದುಕೊಡಿ" ಅನ್ನುವುದು ಈ ಪಾಲನ್ನು ಮುಟ್ಟಲಾರದು.

ಆದರೆ ಲೆಕ್ಕ ಬದಲಾಗುತ್ತದೆ. ಲೇಬಲ್ ಹಾಡಿನ ಹಕ್ಕನ್ನು ತೆಗೆದುಕೊಂಡರೆ ಅರ್ಧ ಅವರಿಗೆ ಹೋಗುತ್ತದೆ. ಉಳಿದ ಅರ್ಧದಲ್ಲಿ ಕಿರಣನದು 40. ಅಂದರೆ ಪೂರ್ತಿ ಹಣದಲ್ಲಿ ಅವನಿಗೆ 20. ಇದು ಗೊತ್ತಿಲ್ಲದೆ ಮಂಜನ ಮೇಲೆ ಸಿಟ್ಟಾದರೆ ಪಾಪ ಅವನೇನು ಮಾಡಿಯಾನು.

ಕಾಗದದಲ್ಲಿ ಎಷ್ಟು ವರ್ಷ ಅಂತ ಬರೆಯದಿದ್ದರೆ ಐದು ವರ್ಷ, ಯಾವ ಪ್ರದೇಶ ಅಂತ ಬರೆಯದಿದ್ದರೆ ಭಾರತ ಮಾತ್ರ ಅಂತ ಕಾಯ್ದೆ ಹೇಳುತ್ತದೆ. ಲೇಬಲ್‌ನವರಿಗೆ ಇದು ಗೊತ್ತು, ಅವರು ಬರೆದೇ ಇರುತ್ತಾರೆ. ಆ ಸಾಲನ್ನು ಹುಡುಕಿ ಓದಿ. ಮಾಸ್ಟರನ್ನು ಮಾತ್ರ ಕೊಟ್ಟು ಹಾಡಿನ ಹಕ್ಕು ನಮ್ಮ ಹತ್ತಿರವೇ ಇರಲಿ ಅಂತ ಕೇಳಿ ನೋಡಿ. ಇಲ್ಲ ಅನ್ನಬಹುದು, ಕೇಳುವುದರಲ್ಲಿ ಏನು ಹೋಗುತ್ತದೆ?

ಹಾಡು ಆಗಲೇ ಬಿಟ್ಟಾಗಿದೆ, ಕಾಗದ ಇಲ್ಲ ಅನ್ನುವವರಿಗೆ

ಈಗಲೂ ಬರೆಯಬಹುದು. ಶೀಟಿನಲ್ಲಿ ಇವತ್ತಿನ ದಿನಾಂಕವನ್ನೇ ಹಾಕಿ, ಹಿಂದಿನದನ್ನು ಹಾಕಬೇಡಿ. ಇದುವರೆಗೆ ಬಂದ ಹಣದ ಲೆಕ್ಕ ಹೇಗೆ ಚುಕ್ತಾ ಆಯಿತು ಅಂತ ಒಂದು ಸಾಲು ಸೇರಿಸಿ. ಆಮೇಲೆ ಇಬ್ಬರೂ ಒಪ್ಪಿ ನೋಂದಣಿ ತಿದ್ದಿಸಿ. ಒಬ್ಬರೇ ಹೋಗಿ ತಿದ್ದಿಸಲು ನೋಡಿದರೆ ಮತ್ತೆ ತಗಾದೆ.

ನಮ್ಮ ಆ ಹಾಡಿಗೆ ಶೀಟ್ ಬರೆದದ್ದು ವಿಜಯನಗರದ ಒಂದು ದರ್ಶಿನಿಯಲ್ಲಿ, ನಿಂತುಕೊಂಡೇ, ಸಾಂಬಾರ್ ಬಟ್ಟಲನ್ನು ಹಾಳೆಯಿಂದ ದೂರ ಸರಿಸಿ. ಸಾಹಿತ್ಯದ 50 ಅವನದು ಅಂತ ಬರೆದೆವು. ಸಂಗೀತದ ಮುಂದೆ ನಾನು ನನ್ನ ಹೆಸರು ಬರೆದು 50 ಹಾಕಿದೆ. ಅವನು ಏನೂ ಮಾತಾಡದೆ ಫೋನ್ ತೆಗೆದು ಆ ರಾತ್ರಿಯ ಒಂದು ವಾಯ್ಸ್ ನೋಟ್ ಹಾಕಿದ. ಬೀಟ್ ಹಿಂದೆ ಸಣ್ಣಗೆ ಓಡುತ್ತಿತ್ತು, ಮೇಲೆ ಅವನು ಹುಕ್‌ನ ರಾಗ ಗುನುಗುತ್ತಿದ್ದ, ನಾನು "ಇದನ್ನೇ ಇಟ್ಕೊಳೋ, ಸಕತ್ತಾಗಿದೆ" ಅನ್ನುತ್ತಿದ್ದೆ. ಆ ರಾಗ ನಾನೇ ಹಾಕಿದ್ದು ಅಂತ ಅಷ್ಟು ದಿನವೂ ನಂಬಿದ್ದೆ. 50 ಹೊಡೆದು 40 ಬರೆದೆ.